ಹಗ್ಗದ ಆಚೆ ನಿಂತವರು

ಒಂದು ಬೇಸಿಗೆಯಲ್ಲಿ ಬಂಧುಗಳ ಮದುವೆಗೆಂದು ಮೈಸೂರಿಗೆ ಹೋಗಿದ್ದೆ. ಅಲ್ಲಿ ಹಳೆಯ ಕಾರುಗಳ ಪ್ರದರ್ಶನವಿದೆ ಎಂದು ಗೆಳೆಯರೊಬ್ಬರು ಎಳೆದುಕೊಂಡು ಹೋದರು. ಎದುರಿಗೆ ಚಾಮುಂಡಿ ಬೆಟ್ಟ, ಕಾಲಡಿಗೆ ಹಸಿರು ಹುಲ್ಲು, ಮರಗಳ ತಂಪು. ಮೇ ತಿಂಗಳಲ್ಲಿ ರಾಯಚೂರಿನಿಂದ ಹೋದವನಿಗೆ ಆ ಹುಲ್ಲನ್ನು ನೋಡುವುದೇ ಒಂದು ಪ್ರದರ್ಶನ. ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಕಾರುಗಳು ಸಾಲಾಗಿ ನಿಂತಿದ್ದವು. ಸುತ್ತಲೂ ಹಗ್ಗ ಕಟ್ಟಿದ್ದರು. ತೀರ್ಪುಗಾರರು ಕೈಯಲ್ಲಿ ಹಾಳೆ ಹಿಡಿದು, ಬಣ್ಣ ಮೂಲದ್ದೇ, ಸೀಟಿನ ಚರ್ಮ ಸರಿಯಿದೆಯೇ, ದೀಪಗಳು ಆ ಕಾಲದವೇ ಎಂದು ಅಂಕ ಹಾಕುತ್ತಿದ್ದರು.

ಚೆಂದವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನೂ ಬಾಯಿ ತೆರೆದುಕೊಂಡೇ ನೋಡಿದೆ. ಅಷ್ಟರಲ್ಲಿ ಮೆರವಣಿಗೆಗೆ ಹೊರಡಬೇಕಿದ್ದ ಒಂದು ಕಾರು ಶುರುವಾಗದೆ ಕೆಮ್ಮತೊಡಗಿತು. ಒಡೆಯರು ಸ್ಟೀರಿಂಗ್ ಹಿಡಿದು ಬೆವರಿದರು. ಆಗ ಹಗ್ಗದ ಆಚೆಯಿಂದ ಎಣ್ಣೆ ಮೆತ್ತಿದ ಅಂಗಿಯ ಯುವಕನೊಬ್ಬ ಪಾನಾ ಹಿಡಿದು ಓಡಿ ಬಂದ. ಬಾನೆಟ್ ಎತ್ತಿದ, ಏನೋ ಬಿಚ್ಚಿದ, ಬಾಯಿಯಿಂದ ಊದಿದ, ಮತ್ತೆ ಜೋಡಿಸಿದ. ಕಾರು ಗುಡುಗಿತು. ಜನ ಚಪ್ಪಾಳೆ ತಟ್ಟಿದರು. ಒಡೆಯರು ಕೈ ಬೀಸಿದರು. ಯುವಕ ಮತ್ತೆ ಹಗ್ಗದ ಆಚೆ ಹೋಗಿ ಬಿಸಿಲಲ್ಲಿ ನಿಂತ.

ನಾನು ಅವನ ಬಳಿ ಹೋದೆ. "ಏನಾಗಿತ್ತಪ್ಪಾ?"

"ಕಾರ್ಬುರೇಟರ್‌ನ್ಯಾಗ ಕಸ ಕುಂತಿತ್ರಿ ಸರ."

ಮಾತು ಕೇಳಿದೊಡನೆ ಕಿವಿ ನೆಟ್ಟಗಾಯಿತು. "ಯಾವೂರು ನಿಂದು?"

"ಮಾನ್ವಿ ತಾಲ್ಲೂಕ್ರಿ. ಅವ್ವ ಅಪ್ಪ ದುಡಿಯಾಕ ಬಂದ್ರು, ಅವರ ಸಂಗಾಟ ಬೆಂಗಳೂರಿಗೆ ಬಂದೆ. ಈ ಗಾಡಿ ನಾನೂ ನಮ್ಮ ಉಸ್ತಾದ್ರೂ ಕೂಡಿ ಕಟ್ಟೀವ್ರಿ. ಎರಡು ವರ್ಷ ಹಿಡೀತು."

"ಮತ್ತೆ ನಿಮ್ಮ ಹೆಸರು ಎಲ್ಲೂ ಇಲ್ಲವಲ್ಲ?"

ಅವನು ನಕ್ಕುಬಿಟ್ಟ. "ಗಾಡಿ ನಮ್ದಲ್ಲಲ್ರಿ ಸರ."

ಆ ಕಾರಿನ ಮುಂದೆ ಒಂದು ಫಲಕವಿತ್ತು. ತಯಾರಿಸಿದ ಕಂಪನಿ, ತಯಾರಾದ ವರ್ಷ, ಮೊದಲು ಕೊಂಡ ರಾಜಮನೆತನ, ಈಗಿನ ಒಡೆಯರು ಎಲ್ಲವೂ ಅದರಲ್ಲಿದ್ದವು. ತುಕ್ಕು ತಿಂದ ತಗಡಿಗೆ ಜೀವ ಕೊಟ್ಟವರು ಮಾತ್ರ ಇರಲಿಲ್ಲ. ಬಹುಮಾನ ಬಂದದ್ದು ಒಡೆಯರಿಗೆ.

ಇಂಥ ಸ್ಪರ್ಧೆಗೆ ಫ್ರೆಂಚರು ಇಟ್ಟ ಹೆಸರಿಗೆ ಸೊಬಗಿನ ಸ್ಪರ್ಧೆ ಎಂದರ್ಥ. ಪ್ಯಾರಿಸ್ಸಿನ ಶ್ರೀಮಂತರು ಉದ್ಯಾನಗಳಲ್ಲಿ ತಮ್ಮ ಸಾರೋಟುಗಳನ್ನು ಮೆರೆಸುತ್ತಿದ್ದ ಚಟ ಕಾರುಗಳಿಗೆ ದಾಟಿಕೊಂಡಿತು. ಅಮೆರಿಕದ ಪೆಬಲ್ ಬೀಚ್‌ನಲ್ಲಿ 1950ರಿಂದ ಸಮುದ್ರದ ದಂಡೆಯ ಮೇಲೆ ಇದು ನಡೆಯುತ್ತಾ ಬಂದಿದೆ. ನಮ್ಮ ಉದಯಪುರದಲ್ಲಿ 2024ರಲ್ಲಿ ಪಿಚೋಲಾ ಸರೋವರದ ದಂಡೆಯಲ್ಲಿ ನಡೆಯಿತು. ಜಾಗ ಯಾವುದಾದರೂ ನೋಟ ಚೆಲುವಾಗಿರಬೇಕು. ಗ್ಯಾರೇಜಿನ ಕೊಳೆ ಆ ನೋಟದೊಳಗೆ ಬರಬಾರದು, ಅಷ್ಟೆ.

ನಮ್ಮ ಕಡೆಯವರಿಗೆ ಈ ವೈಭವ ಹೊಸದಲ್ಲ. ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ಅಲ್ಲಿ 1912ರ ಹಳದಿ ರೋಲ್ಸ್ ರಾಯ್ಸ್ ನೋಡಿರುತ್ತಾರೆ. ಆರನೆಯ ನಿಜಾಮರು ಅದಕ್ಕೆ ಬೇಡಿಕೆಯಿಟ್ಟರು, ಕಾರು ಬರುವ ಮೊದಲೇ 1911ರಲ್ಲಿ ತೀರಿಕೊಂಡರು. ಮಗ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಅದನ್ನು ಕೊಂಡ ಸಂಸ್ಥಾನದ ಖಜಾನೆಗೆ ರಾಯಚೂರು, ಮಾನ್ವಿ, ದೇವದುರ್ಗದ ರೈತರ ಕಂದಾಯವೂ ಸೇರುತ್ತಿತ್ತು. ನಿಜಾಮರು ಮುಸ್ಲಿಮರೆಂಬ ಕಾರಣಕ್ಕೆ ನಾನು ಆ ಕಾರಿನ ಮುಂದೆ ಎದೆಯುಬ್ಬಿಸಬೇಕಿಲ್ಲ. ಅದೇ ಕಾರಣಕ್ಕೆ ಇನ್ನೊಬ್ಬರು ಮುಖ ಸಿಂಡರಿಸಬೇಕಿಲ್ಲ. ಹಿಂದೂ ರಾಜನ ಕಾರಿಗೂ ಮುಸ್ಲಿಂ ನವಾಬನ ಕಾರಿಗೂ ಎಣ್ಣೆ ಹಾಕಿದ ಕೈ ಒಂದೇ. ಆ ಕೈಯನ್ನು ಮರೆಯುವುದರಲ್ಲಿ ನಮ್ಮ ಎರಡೂ ಕಡೆಯವರಿಗೆ ಎಂಥ ಒಗ್ಗಟ್ಟು!

ಅದೇ ಸಂಸ್ಥಾನದಲ್ಲಿ 1932ರಲ್ಲಿ ರೈಲ್ವೆ ಇಲಾಖೆಯಡಿ 27 ಬಸ್ಸುಗಳೊಂದಿಗೆ ಸರ್ಕಾರಿ ಬಸ್ ಸಂಚಾರ ಆರಂಭವಾಯಿತು. ಸಾಮಾನ್ಯ ಜನ ಹತ್ತಿ ಇಳಿದ ವಾಹನವದು. ರಾಜರ ಕಾರುಗಳ ಚರಿತ್ರೆಯನ್ನು ಗಿಳಿಪಾಠ ಒಪ್ಪಿಸುವವರಲ್ಲಿ ಎಷ್ಟು ಜನರಿಗೆ ಈ ಮಾತು ಗೊತ್ತು?

ಒಡೆಯರು ದುಡ್ಡು ಸುರಿಯದಿದ್ದರೆ ಕಾರು ಗುಜರಿಗೆ ಹೋಗುತ್ತಿರಲಿಲ್ಲವೇ ಎಂದು ಕೆಲವರು ಕೇಳಬಹುದು. ಹೋಗುತ್ತಿತ್ತು, ಒಪ್ಪುತ್ತೇನೆ. ಒಡೆಯರ ಹೆಸರು ಅಳಿಸಿ ಎಂದು ನಾನು ಹೇಳುತ್ತಿಲ್ಲ. ನಾನು ಉರ್ದು ಶಾಲೆಯಲ್ಲೂ ಕಲಿತವನು. ಹಳೆಯ ಉರ್ದು ಪುಸ್ತಕಗಳಲ್ಲಿ ಕವಿಯ ಹೆಸರು, ಪ್ರಕಾಶಕರ ಹೆಸರು ಇರುತ್ತಿದ್ದವು. ಅವುಗಳ ಜೊತೆಗೆ ಎಷ್ಟೋ ಪುಸ್ತಕಗಳಲ್ಲಿ ಅಕ್ಷರಗಳನ್ನು ಕೈಯಿಂದ ಬರೆದ ಕಾತಿಬನ ಹೆಸರೂ ಒಂದು ಮೂಲೆಯಲ್ಲಿ ಇರುತ್ತಿತ್ತು. ಅದರಿಂದ ಕವಿಯ ಮರ್ಯಾದೆ ಕಡಿಮೆಯಾಗಲಿಲ್ಲ.

ಇನ್ನೂ ಹಿಂದೆ ಹೋಗೋಣ. ರಾಯಚೂರು ಕೋಟೆಯ ಗೋಡೆಯಲ್ಲಿ, ಬಸ್ ನಿಲ್ದಾಣದ ಹತ್ತಿರದಲ್ಲೇ, 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದ, 1294ರ ಶಾಸನ ಅದರ ಮೇಲಿದೆ. ಕೋಟೆ ಕಟ್ಟಿಸಿದವರ ಹೆಸರು ಅದರಲ್ಲಿದೆ. ಆದರೆ ಅಲ್ಲಿಯೇ ಇನ್ನೊಂದು ಚಿತ್ರವನ್ನೂ ಕೊರೆದಿದ್ದಾರೆ. ಗಾಲಿಗಳ ಬಂಡಿಯ ಮೇಲೆ ಆ ಬಂಡೆ, ಮುಂದೆ ಎಳೆಯುವ ಕೋಣಗಳ ಉದ್ದನೆಯ ಸಾಲು, ಅವುಗಳನ್ನು ಹುರಿದುಂಬಿಸುವ ಆಳುಗಳು, ಹಿಂದಿನಿಂದ ಮೀಟುಗೋಲು ಹಾಕಿ ದೂಡುವವರು. ಏಳು ನೂರು ವರ್ಷಗಳ ಹಿಂದಿನ ಶಿಲ್ಪಿಗೆ ಕಲ್ಲು ತಾನಾಗಿ ಬರಲಿಲ್ಲ ಎಂಬುದು ಗೊತ್ತಿತ್ತು. ಕೋಣಕ್ಕೂ ಅವನು ಗೋಡೆಯ ಮೇಲೆ ಜಾಗ ಕೊಟ್ಟ. ನಮ್ಮ ಕಾಲದವರಿಗೆ ಒಬ್ಬ ಮೆಕ್ಯಾನಿಕ್‌ಗೆ ಫಲಕದ ಮೇಲೆ ಒಂದು ಸಾಲಿನ ಜಾಗ ಕೊಡಲು ಆಗುವುದಿಲ್ಲ.

ಸರ್ಕಾರವೂ ಹಿಂದೆ ಬಿದ್ದಿಲ್ಲ. 2021ರಲ್ಲಿ ನಿಯಮ ತಂದು, ಐವತ್ತು ವರ್ಷ ದಾಟಿದ ವಾಹನಗಳಿಗೆ ಬೇರೆ ನೋಂದಣಿ, ಸಂಖ್ಯೆಯಲ್ಲಿ 'ವಿಎ' ಎಂಬ ವಿಶೇಷ ಅಕ್ಷರಗಳು ಎಂದು ಗೌರವ ಕೊಟ್ಟಿತು. ಹಳೆಯ ಗಾಡಿಗೆ ಅಕ್ಷರ ಸಿಕ್ಕಿತು. ಅದನ್ನು ಬದುಕಿಸುವ ಹಳೆಯ ಉಸ್ತಾದನಿಗೆ ಏನು ಸಿಕ್ಕಿತು?

ಮಾನ್ವಿಯ ಆ ಹುಡುಗ ಬೆಂಗಳೂರಿಗೆ ಹೋದ ದಾರಿಯನ್ನೂ ಹೇಳಲೇಬೇಕು. ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ದೇವದುರ್ಗಕ್ಕೆ ಇಂದಿಗೂ ಬಂದಿಲ್ಲ. ಮಳೆ ಕೈಕೊಟ್ಟಾಗ ಗುಳೆ ಹೊರಟ ಕುಟುಂಬಗಳು ಕೂಸು, ಪಾತ್ರೆ, ಹಾಸಿಗೆಯೊಂದಿಗೆ ಕ್ರೂಸರುಗಳಲ್ಲಿ ತುಂಬಿಕೊಂಡು ಹೋಗುತ್ತವೆ. 2022ರ ಆಗಸ್ಟ್ 25ರಂದು ರಾಯಚೂರು ಜಿಲ್ಲೆಯ ಕೂಲಿಕಾರರನ್ನು ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ಅಂಥದೇ ಗಾಡಿ ತುಮಕೂರು ಜಿಲ್ಲೆಯ ಶಿರಾ ಬಳಿ ಲಾರಿಗೆ ಡಿಕ್ಕಿಯಾಗಿ, ಮಕ್ಕಳೂ ಸೇರಿ ಒಂಬತ್ತು ಜನ ಸತ್ತರು. ಒಂದು ಗಾಡಿಯ ಸೀಟಿನ ಹೊಲಿಗೆಗೆ ಅಂಕ ಹಾಕುವ ನಾಡಿನಲ್ಲಿ ಇನ್ನೊಂದು ಗಾಡಿಯಲ್ಲಿ ಸೀಟಿಗೆ ಎಷ್ಟು ಜನ ಎಂದು ಎಣಿಸುವವರಿಲ್ಲ. ಇವೆರಡೂ ಬೇರೆ ಬೇರೆ ಸುದ್ದಿಗಳೆಂದು ನನಗೆ ಅನ್ನಿಸುವುದಿಲ್ಲ. ಸೊಬಗಿನ ಸ್ಪರ್ಧೆಗೆ ಬೇಕಾದ ಕೈಗಳು ಇಂಥ ಗಾಡಿಗಳಲ್ಲೇ ಊರು ಬಿಟ್ಟು ಹೋಗುವುದು.

ಪ್ರದರ್ಶನ ಮಾಡುವವರಿಗೆ ನನ್ನದೊಂದು ಸಣ್ಣ ಬೇಡಿಕೆ. ಫಲಕದ ಕೊನೆಗೆ ಒಂದು ಸಾಲು ಸೇರಿಸಿ: ಈ ಗಾಡಿಯನ್ನು ಮತ್ತೆ ಕಟ್ಟಿದವರು ಇಂಥವರು, ಇಂಥ ಊರಿನವರು. ಬಹುಮಾನ ಕೊಡುವಾಗ ಅವರನ್ನೂ ವೇದಿಕೆಗೆ ಕರೆಯಿರಿ. ಖರ್ಚೇನೂ ಇಲ್ಲ.

ಗಾಡಿ ಅವನದಲ್ಲ, ನಿಜ. ಆದರೆ ಅದರೊಳಗಿನ ಎರಡು ವರ್ಷ ಅವನದು. ಅದನ್ನು ಹಗ್ಗದ ಆಚೆ ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ.