ಬೋರ್ಡಿಗೆ ಕನ್ನಡ, ರೋಗಿಯ ಕೈಗೆ ಇಂಗ್ಲಿಷು!

ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅಂತ ಬೀದಿಗಿಳಿದು ಕೂಗಿದಿರಿ. 2024ರಲ್ಲಿ ಕಾನೂನೂ ಆಯಿತು, ಆಸ್ಪತ್ರೆಗಳಿಗೂ ಸೇರಿಸಿ. ಸಂತೋಷ. ಈಗ ಆ ಬೋರ್ಡಿನ ಕೆಳಗೆ ಹಾದು ಒಳಗೆ ಹೋಗಿ ಬನ್ನಿ ಗೆಳೆಯರೇ. ಡಿಸ್‌ಚಾರ್ಜ್ ಚೀಟಿಯಲ್ಲಿ ಕನ್ನಡ ಶೇಕಡಾ ಎಷ್ಟು? ಸೊನ್ನೆ!

ನನ್ನ ತಂಗಿಯ ಮಗ ಬೈಕಿನಿಂದ ಬಿದ್ದ. ಹೆಲ್ಮೆಟ್ ಇರಲಿಲ್ಲ, ಮಿದುಳಿಗೆ ಪೆಟ್ಟಾಯಿತು. ಡಾಕ್ಟರು ಜೀವ ಉಳಿಸಿದರು, ಅವರಿಗೆ ಕೈಮುಗಿಯುತ್ತೇನೆ. ಮನೆಗೆ ಕಳಿಸುವಾಗ ಒಂದು ಇಂಗ್ಲಿಷ್ ಹಾಳೆ ಕೊಟ್ಟರು. ಮಲಪನಗುಡಿಯ ನನ್ನ ತಂಗಿ ಅದನ್ನು ಬಿಲ್ಲಿನ ಜೊತೆ ಟ್ರಂಕಿನಲ್ಲಿಟ್ಟಳು. ಎರಡು ತಿಂಗಳಲ್ಲಿ ಹುಡುಗನ ಮೊಣಕೈ ಮಡಚಿಕೊಂಡಿತು, ಬೆರಳು ಮುಷ್ಟಿ ಕಟ್ಟಿದವು, ಪಾದ ಕೆಳಕ್ಕೆ ಬಾಗಿತು. "ಮುಟ್ಟಿದರೆ ಅಳ್ತಾನಣ್ಣ, ಅದಕ್ಕೇ ಮುಟ್ಟಲಿಲ್ಲ" ಅಂದಳು.

ಹಾಳೆ ತೆಗೆಸಿ ನೋಡಿದೆ. ಎದೆ ಧಸಕ್ಕೆಂದಿತು. ಅಚ್ಚು ಹಾಕಿದ್ದು ನನ್ನದೇ ಪ್ರೆಸ್ಸು! ಪ್ರೂಫು ನೋಡಿದ್ದೆ, ಅರ್ಥ ಕೇಳಿರಲಿಲ್ಲ.

ಅದರಲ್ಲಿದ್ದದ್ದು ಬ್ರಹ್ಮವಿದ್ಯೆಯಲ್ಲ. ಮಿದುಳಿನ ಹಿಡಿತ ತಪ್ಪಿದ ಸ್ನಾಯು ಬಿಗಿಯುತ್ತದೆ. ಅಲುಗದೆ ಬಿದ್ದಿದ್ದರೆ ಗಿಡ್ಡವಾಗಿ ಕೀಲನ್ನು ಎಳೆದು ಹಿಡಿಯುತ್ತದೆ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ. ಕೈಕಾಲು ಸರಿಯಾಗಿ ಇರಿಸಿ. ಪ್ರತಿ ಕೀಲನ್ನೂ ನಿಧಾನವಾಗಿ ಆಡಿಸಿ, ಜಗ್ಗಬೇಡಿ. ಸೋತ ತೋಳು ಹಿಡಿದು ಎತ್ತಬೇಡಿ. ಕೀಲು ಬಿಸಿಯಾಗಿ ಊದಿದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಸುತ್ತ ಎಲುಬು ಬೆಳೆಯುತ್ತಿರಬಹುದು. ಇಷ್ಟೇ! ಇದರಲ್ಲಿ ಕನ್ನಡಕ್ಕೆ ನಿಲುಕದ್ದು ಯಾವುದು?

ಹಾಳೆಯೊಂದರಿಂದಲೇ ಕೈ ನೆಟ್ಟಗಿರುತ್ತಿತ್ತು ಅನ್ನುವ ಸುಳ್ಳು ನಾನು ಹೇಳುವುದಿಲ್ಲ. ಬರೀ ಎಳೆದು ಹಿಡಿದರೆ ಹೆಚ್ಚು ಫಲವಿಲ್ಲವೆಂದು 2017ರ ಕಾಕ್ರೇನ್ ಪರಿಶೀಲನೆಯೇ ಹೇಳಿದೆ. ಬಿಗಿತ ಇಳಿಸುವ ಔಷಧ, ಇಂಜೆಕ್ಷನ್, ಎದ್ದು ನಿಲ್ಲಿಸುವ ಅಭ್ಯಾಸ ಎಲ್ಲವೂ ಬೇಕಾಗಬಹುದು. ಆದರೆ ಬಿಗಿತ ಶುರುವಾಗಿದೆ ಅಂತ ತಾಯಿಗೆ ತಿಳಿದರೆ ತಾನೇ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಓಡುವುದು?

ವೈದ್ಯಕ್ಕೆ ಕನ್ನಡ ಸಾಲದು ಅನ್ನುವ ಮಹಾಶಯರೇ, ಡಾ. ಅನುಪಮಾ ನಿರಂಜನ ಬಸಿರು ಬಾಣಂತನವನ್ನು ಕನ್ನಡದಲ್ಲೇ ಮನೆಮನೆಗೆ ತಿಳಿಸಲಿಲ್ಲವೇ? ಸಾಲದಿರುವುದು ಕನ್ನಡವಲ್ಲ, ನಿಮ್ಮ ಮನಸ್ಸು!

ಯುವಕರೇ, ಬೋರ್ಡು ನೋಡಿ ಮರಳಬೇಡಿ. ಕನ್ನಡದ ಹಾಳೆ ಕೇಳಿ. ಫಿಸಿಯೋಥೆರಪಿಯವರು ತಾಯಿಯ ಕೈಯಲ್ಲೇ ಒಮ್ಮೆ ಮಾಡಿಸಿ ಕಳಿಸಲಿ ಅನ್ನಿ. ಫಿಸಿಯೋಥೆರಪಿ ಓದುತ್ತಿರುವ ಕನ್ನಡದ ಮಕ್ಕಳೇ, ಬರೆದು, ನಿಮ್ಮ ಗುರುಗಳಿಗೆ ತೋರಿಸಿ ತನ್ನಿ. ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಬರೀ ಇಂಗ್ಲಿಷಿನ ಚೀಟಿ ಇನ್ನು ನನ್ನ ಮೆಷಿನ್ನು ಹತ್ತುವುದಿಲ್ಲ.