ನಾಲ್ಕು ವರ್ಷದ ವೀರರು

ಸೈನಿಕವೃತ್ತಿಯನ್ನು ಹೊಗಳುವುದು ಸುಲಭ. ಹೊಗಳುವವರಲ್ಲಿ ಬಹುಮಂದಿ ತಮ್ಮ ಮಕ್ಕಳನ್ನು ಅದಕ್ಕೆ ಕಳುಹಿಸರು. ಆ ವೃತ್ತಿಯಲ್ಲಿ ಶಿಸ್ತು, ದೇಹದಾರ್ಢ್ಯ, ಜನಗೌರವಗಳು ಉಂಟು. ಮನೆಯವರ ಅಗಲಿಕೆ, ಹಿಮದ ನಡುವಣ ಕಾವಲು, ಅಂಗಭಂಗ, ಮೃತ್ಯುಗಳೂ ಉಂಟು. ಈ ಕಷ್ಟಗಳನ್ನು ಬಡವರ ಮಕ್ಕಳು ಹೊತ್ತುದು ಒಂದು ಭರವಸೆಯಿಂದ: 15 ವರ್ಷ ದುಡಿದ ಸಿಪಾಯಿಗೆ ಜೀವಾವಧಿ ವಿಶ್ರಾಂತಿವೇತನ.

2022ರ ಜೂನ್ ತಿಂಗಳಲ್ಲಿ ಘೋಷಿತವಾದ ಅಗ್ನಿಪಥ ಯೋಜನೆಯು ಈ ಭರವಸೆಯನ್ನೇ ಕಿತ್ತುಕೊಂಡಿತು. ಅದೂ ಅಧಿಕಾರಿಗಳಿಂದಲ್ಲ, ಕೆಳಗಿನವರಿಂದ. ಅದರ ಮೇರೆಗೆ ಸೇವಾವಧಿ 4 ವರ್ಷ. ಬಳಿಕ ನೂರಕ್ಕೆ 25 ಮಂದಿಯವರೆಗೆ ಮಾತ್ರ ಖಾಯಂ. ಮಿಕ್ಕವರ ಕೈಗೆ ಸುಮಾರು 11.71 ಲಕ್ಷ ರೂಪಾಯಿಯ ಇಡುಗಂಟು. ಅದರ ಮೂಲಧನದಲ್ಲಿ ಅರ್ಧ ಅವರ ಸಂಬಳದಿಂದಲೇ ಹಿಡಿದುದು. ವಿಶ್ರಾಂತಿವೇತನವಿಲ್ಲ, ಗ್ರಾಚ್ಯುಯಿಟಿಯೂ ಇಲ್ಲ.

ಸೇನೆಗೆ ತಾರುಣ್ಯ ಬರುವುದು, ಬೊಕ್ಕಸದ ಭಾರ ತಗ್ಗುವುದು ಎಂದು ಸಮರ್ಥಕರು ವಾದಿಸುವರು. ಮಿತವ್ಯಯವು ಗುಣವೇ ಸರಿ. ಆದರೆ ಅದು ಪ್ರಾಣವೊಡ್ಡುವವನ ಎಲೆಯಿಂದಲೇ ಆರಂಭವಾಗಬೇಕೆ? ಖಾಯಮಾದವನಾರು, ನಾಲ್ಕು ವರ್ಷದವನಾರು ಎಂದು ಶತ್ರುವಿನ ಗುಂಡು ವಿಚಾರಿಸುವುದಿಲ್ಲ. ಇಬ್ಬರೂ ಒಂದೇ ಕಂದಕದಲ್ಲಿ ಮಡಿದರೆ, ಒಬ್ಬನ ವಿಧವೆಗೆ ತಿಂಗಳು ತಿಂಗಳಿಗೆ ಕುಟುಂಬವೇತನ. ಮತ್ತೊಬ್ಬನ ಮನೆಗೆ 48 ಲಕ್ಷದ ವಿಮೆಯೇ ಮೊದಲಾದ ಒಂದಾವರ್ತಿಯ ಹಣ, ಆ ವೇತನವಿಲ್ಲ.

ಕಠಿಣನೆಂದು ಹೆಸರಾದ ಕೌಟಿಲ್ಯನು ಕೂಡ ತನ್ನ ಅರ್ಥಶಾಸ್ತ್ರದಲ್ಲಿ, ರಾಜಕಾರ್ಯದಲ್ಲಿ ಮಡಿದವರ ಹೆಂಡಿರು ಮಕ್ಕಳಿಗೆ ಅನ್ನವೇತನಗಳು ಸಲ್ಲತಕ್ಕವೆಂದು ವಿಧಿಸಿದನು. ಅಪಾಯವನ್ನು ಪೂರ್ಣವಾಗಿ ಬೇಡಿ, ಋಣವನ್ನು ಅರೆಪಾಲು ತೀರಿಸಿ, ಉಳಿದುದಕ್ಕೆ ಅಗ್ನಿವೀರನೆಂಬ ಬಿರುದನ್ನು ಕೊಡುವುದು ರಾಜಧರ್ಮವಲ್ಲ. ಬಿರುದಿನಿಂದ ಒಲೆ ಉರಿಯದು.