ವಿಷದ ಬಾಟಲಿಗೆ ವಾರಸುದಾರ ಯಾರು?

ಕ್ರಿಮಿನಾಶಕದ ಬಾಟಲಿಯೊಂದು ಹಳ್ಳಿಗೆ ಬರುವಾಗ ಅದರ ಇಡೀ ಜಾತಕ ಅದರ ಮೈಮೇಲೆಯೇ ಇರುತ್ತದೆ. ತಯಾರಿಸಿದ ಕಂಪೆನಿ ಯಾವುದು, ಯಾವ ತಿಂಗಳು ತಯಾರಾಯಿತು, ಯಾವಾಗ ಅವಧಿ ಮುಗಿಯುತ್ತದೆ, ಬೆಲೆ ಎಷ್ಟು ಎಂಬುದೆಲ್ಲ ಅಚ್ಚಾಗಿರುತ್ತದೆ. ವಿಷದ ತೀವ್ರತೆಯನ್ನು ತಿಳಿಸಲು ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತೂ ಇರುತ್ತದೆ. ಇಷ್ಟೆಲ್ಲ ವಿಳಾಸ ಹೊತ್ತು ಬಂದ ಬಾಟಲಿ ಬರಿದಾದ ಗಳಿಗೆಯಲ್ಲೇ ಅನಾಥವಾಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ತೊಗರಿ, ಹತ್ತಿ, ಕಬ್ಬಿನ ಹೊಲಗಳ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಬಾವಿಯ ಪಕ್ಕದಲ್ಲಿ ಬಿದ್ದ ಈ ಬಾಟಲಿಗಳು ಯಾರವು? ಕೊಂಡ ರೈತನವೇ, ಮಾರಿದ ಅಂಗಡಿಯವನವೇ, ತಯಾರಿಸಿದ ಕಂಪೆನಿಯವೇ? ಈ ಸರಳ ಪ್ರಶ್ನೆಗೆ ಉತ್ತರ ಸಿಗುವವರೆಗೆ ರಾಸಾಯನಿಕ ಉದ್ಯಮ ಆಡುವ 'ಸುಸ್ಥಿರತೆ'ಯ ಮಾತು ಬರೀ ಮಾತೇ.

ಆ ಮಾತಿಗೆ ಈಗ ಬರವಿಲ್ಲ. ಷೇರುಪೇಟೆಯಲ್ಲಿರುವ ದೇಶದ 1,000 ದೊಡ್ಡ ಕಂಪೆನಿಗಳು 2022-23ರಿಂದ ಪರಿಸರ ಮತ್ತು ಸಮಾಜದ ಬಗೆಗಿನ ತಮ್ಮ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯವಾಗಿ ಸಲ್ಲಿಸಬೇಕು. ಉತ್ಪಾದಕರ ಮೇಲೆ ಪ್ಲಾಸ್ಟಿಕ್ ಹೊಣೆಯನ್ನು ಹೊರಿಸುವ ಮಾರ್ಗಸೂಚಿಯನ್ನು ಕೇಂದ್ರ ಸರಕಾರ 2022ರ ಫೆಬ್ರವರಿಯಲ್ಲಿ ಹೊರಡಿಸಿತು. ಬಾಟಲಿ, ಡಬ್ಬಿಗಳಂತಹ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ 2025-26ಕ್ಕೆ ಶೇ. 30ರಷ್ಟು, 2028-29ಕ್ಕೆ ಶೇ. 60ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕೆಂದು ಅದು ಗುರಿ ಹಾಕಿತು. ಕಾಗದದ ಮೇಲೆ ಇದು ಒಳ್ಳೆಯ ನಿಯಮವೇ. ಹಳೆಯ ಪ್ಲಾಸ್ಟಿಕ್ಕಿಗೆ ಬೇಡಿಕೆ ಹುಟ್ಟಿದರೆ ಅದನ್ನು ಹೆಕ್ಕುವವರಿಗೂ ಬೆಲೆ ಸಿಗುತ್ತದೆ ಎಂಬ ತರ್ಕದಲ್ಲಿ ತಪ್ಪಿಲ್ಲ.

ತಪ್ಪಿರುವುದು ಲೆಕ್ಕ ಇಡುವ ರೀತಿಯಲ್ಲಿ. ಕಂಪೆನಿ ತಾನು ಮಾರಿದ ಬಾಟಲಿಯನ್ನೇ ತಿರುಗಿ ತರಬೇಕಿಲ್ಲ. ದೇಶದ ಯಾವುದೋ ಮೂಲೆಯ ಘಟಕವೊಂದು ಅಷ್ಟೇ ತೂಕದ ಬೇರೆ ಪ್ಲಾಸ್ಟಿಕ್ಕನ್ನು ಸಂಸ್ಕರಿಸಿದ್ದಕ್ಕೆ ಪ್ರಮಾಣಪತ್ರ ಕೊಂಡರೆ ಸಾಕು, ಹೊಣೆ ತೀರಿತು. ಗುಜರಾತಿನಲ್ಲಿ ಕರಗಿದ ನೀರಿನ ಬಾಟಲಿ ಜೇವರ್ಗಿಯ ಹೊಲದಲ್ಲಿ ಬಿದ್ದ ವಿಷದ ಬಾಟಲಿಗೆ ಜಾಮೀನಾಗುತ್ತದೆ. ಪುಸ್ತಕದಲ್ಲಿ ಎರಡೂ ಕಡೆ ಸರಿಹೋಗುತ್ತದೆ, ಹೊಲದಲ್ಲಿ ಮಾತ್ರ ಬಾಟಲಿ ಬಿದ್ದಲ್ಲೇ ಬಿದ್ದಿರುತ್ತದೆ.

ಆ ಪ್ರಮಾಣಪತ್ರಗಳಾದರೂ ನಿಜವೇ? ಮಹಾರಾಷ್ಟ್ರ, ಗುಜರಾತ್ ಮತ್ತು ನಮ್ಮದೇ ಕರ್ನಾಟಕದ ಕೆಲವು ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳನ್ನು ಸೃಷ್ಟಿಸಿದ್ದನ್ನು 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಪತ್ತೆ ಹಚ್ಚಿತು. ಮಾಡದ ಕೆಲಸಕ್ಕೆ ರಸೀದಿ, ಆ ರಸೀದಿಯ ವ್ಯಾಪಾರ! ಅಳತೆ ಮತ್ತು ತೂಕದಲ್ಲಿ ಮೋಸ ಮಾಡುತ್ತಿದ್ದ ತಮ್ಮ ಜನಾಂಗವನ್ನು ಪ್ರವಾದಿ ಶುಐಬ್(ಅ) ಎಚ್ಚರಿಸಿದ ವೃತ್ತಾಂತ ಕುರ್‌ಆನ್ ಓದುವ ಎಲ್ಲರಿಗೂ ಗೊತ್ತು. ಆ ಜನರ ಕೈಯಲ್ಲಿ ತಕ್ಕಡಿಯಿತ್ತು, ಇವರ ಕೈಯಲ್ಲಿ ಕಂಪ್ಯೂಟರ್ ಇದೆ. ವ್ಯತ್ಯಾಸ ಅಷ್ಟೇ.

ಇನ್ನು ಹಳ್ಳಿಯ ಲೆಕ್ಕ. ದೇಶದಲ್ಲಿ ವರ್ಷಕ್ಕೆ ಸುಮಾರು 41 ಲಕ್ಷ ಟನ್ ಪ್ಲಾಸ್ಟಿಕ್ ತ್ಯಾಜ್ಯ ಉತ್ಪತ್ತಿಯಾಗುತ್ತದೆ ಎಂದು ಮಂಡಳಿಯ ವರದಿಗಳು ಹೇಳಿವೆ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2024ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾರತದಲ್ಲಿ ಯಾರ ಹಿಡಿತಕ್ಕೂ ಸಿಗದೆ ಪರಿಸರಕ್ಕೆ ಸೇರುವ ಅಥವಾ ಬಯಲಲ್ಲಿ ಸುಡಲ್ಪಡುವ ಪ್ಲಾಸ್ಟಿಕ್ಕೇ ವರ್ಷಕ್ಕೆ 93 ಲಕ್ಷ ಟನ್. ಇಡೀ ಜಗತ್ತಿನ ಇಂಥ ಮಾಲಿನ್ಯದ ಐದನೇ ಒಂದು ಭಾಗ. ಹುಟ್ಟುವುದು 41 ಲಕ್ಷ, ಚೆಲ್ಲಿ ಹೋಗುವುದು 93 ಲಕ್ಷ! ಈ ವಿಚಿತ್ರಕ್ಕೆ ಸಂಶೋಧಕರು ಕೊಟ್ಟ ಕಾರಣಗಳಲ್ಲಿ ಒಂದನ್ನು ನಾವು ಗಮನಿಸಬೇಕು: ಸರಕಾರಿ ಅಂಕಿಯಲ್ಲಿ ಗ್ರಾಮೀಣ ಪ್ರದೇಶಗಳು ಸೇರುವುದಿಲ್ಲ. ಎಂದರೆ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಗೌರವ ಪಡೆದ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಉಳಿಯುವ ಗೊಬ್ಬರದ ಚೀಲ, ಹನಿ ನೀರಾವರಿಯ ಹರಿದ ಪೈಪು, ಎಣ್ಣೆಯ ಬಾಟಲಿ ಆ ಲೆಕ್ಕದ ಪುಸ್ತಕಕ್ಕೇ ಬಂದಿಲ್ಲ. ಇಲ್ಲಿ ರೈತರು ಕ್ರಿಮಿನಾಶಕಕ್ಕೆ 'ಎಣ್ಣೆ' ಎಂದೇ ಹೇಳುತ್ತಾರೆ. ಹೆಸರು ಮೃದುವಾದ ಮಾತ್ರಕ್ಕೆ ವಿಷ ಮೃದುವಾಗುವುದಿಲ್ಲ.

ಕಾನೂನಿನ ಎರಡು ನಾಲಗೆಯನ್ನೂ ನೋಡಿ. ರಾಸಾಯನಿಕ ಅಂಟಿಕೊಂಡ ಖಾಲಿ ಡ್ರಮ್ಮು, ಡಬ್ಬಿಗಳು ಕಾರ್ಖಾನೆಯೊಳಗಿದ್ದರೆ 2016ರ ನಿಯಮದ ಪ್ರಕಾರ ಅವು ಅಪಾಯಕಾರಿ ತ್ಯಾಜ್ಯ. ಅವುಗಳಿಗೆ ದಾಖಲೆ ಬೇಕು, ಅನುಮತಿ ಪಡೆದವರಿಗೇ ಒಪ್ಪಿಸಬೇಕು. ಅದೇ ರಾಸಾಯನಿಕ ಅಂಟಿದ ಬಾಟಲಿ ಹೊಲದಲ್ಲಿದ್ದರೆ ಬರೀ ಕಸ. ವಿಷವು ಕಾರ್ಖಾನೆಯ ಗೇಟು ದಾಟಿದ ಕೂಡಲೇ ಸಾಧುವಾಗಿ ಬಿಡುತ್ತದೆಯೇ? ಅಥವಾ ಗೇಟಿನ ಒಳಗಿನ ಮನುಷ್ಯರ ಜೀವಕ್ಕೆ ಒಂದು ಬೆಲೆ, ಹೊರಗಿನ ಕೂಲಿ ಹೆಂಗಸಿನ ಜೀವಕ್ಕೆ ಇನ್ನೊಂದು ಬೆಲೆಯೇ?

ಹೊಣೆ ಯಾರದೆಂದು ಹೇಳುವ ಕಾನೂನೇ ಇಲ್ಲವೆಂದಲ್ಲ. 1971ರ ಕೀಟನಾಶಕ ನಿಯಮಗಳ 44ನೇ ನಿಯಮ ಖಾಲಿ ಪ್ಯಾಕಿಂಗನ್ನು ನೀರು, ಪರಿಸರ ಕೆಡದಂತೆ ವಿಲೇವಾರಿ ಮಾಡುವ ಕರ್ತವ್ಯವನ್ನು ವಿಧಿಸುವಾಗ ಮೊದಲು ಹೆಸರಿಸುವುದು ತಯಾರಕರನ್ನೇ. ಮತ್ತೆ ಯಾರೂ ಬಳಸದಂತೆ ಖಾಲಿ ಡಬ್ಬಿಗಳನ್ನು ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು ಎಂದೂ ಅದರಲ್ಲಿದೆ. ತಗಡು ಮತ್ತು ಗಾಜಿನ ಕಾಲದ ನಿಯಮವದು. ಶತಮಾನ ಕಳೆದರೂ ಕೊಳೆಯದ ಪ್ಲಾಸ್ಟಿಕ್ಕನ್ನು ಹೊಲದಲ್ಲಿ ಹೂಳಿದರೆ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಮಣ್ಣಿಗೆ ಮರೆಯಾಗುವುದಿಲ್ಲ. ಆದರೂ ನಿಯಮದ ಮೊದಲ ಮಾತು ಇಂದಿಗೂ ಸರಿಯಾಗಿದೆ, ಹೊಣೆ ತಯಾರಕನಿಂದ ಆರಂಭವಾಗುತ್ತದೆ. ಅರ್ಧ ಶತಮಾನದಿಂದ ಅದನ್ನು ಮರೆತವರು ಯಾರು?

"ರೈತರೇ ಅಜಾಗರೂಕರು, ಅವರಿಗೆ ತಿಳಿವಳಿಕೆ ಕೊಡಬೇಕು" ಎಂಬುದು ಉದ್ಯಮದ ಸಿದ್ಧ ಉತ್ತರ. ಹಾಗಾದರೆ ಒಂದು ಪ್ರಶ್ನೆ. ಇದೇ ರೈತನ ಮನೆಯಲ್ಲಿ ಅಡುಗೆ ಅನಿಲದ ಸಿಲಿಂಡರ್ ಇದೆ. ಖಾಲಿಯಾದ ಸಿಲಿಂಡರನ್ನು ಅವನು ಹಳ್ಳಕ್ಕೆ ಎಸೆಯುವುದಿಲ್ಲವಲ್ಲ, ಏಕೆ? ಅದಕ್ಕೆ ಠೇವಣಿ ಕಟ್ಟಿದ್ದಾನೆ, ಅದು ಮರಳುವ ದಾರಿ ಸಿದ್ಧವಿದೆ, ಕಂಪೆನಿಗೆ ಅದು ಬೇಕು. ಸೋಡಾದ ಗಾಜಿನ ಬಾಟಲಿಯೂ ಹಾಗೆಯೇ ಅಂಗಡಿಗೆ ಮರಳುತ್ತಿತ್ತು. ಸಿಲಿಂಡರಿನ ವಿಷಯದಲ್ಲಿ ಜವಾಬ್ದಾರನಾದವನು ಬಾಟಲಿಯ ವಿಷಯದಲ್ಲಿ ಬೇಜವಾಬ್ದಾರನಾಗುವುದು ಅವನ ಸ್ವಭಾವದಿಂದಲ್ಲ, ಮರಳುವ ದಾರಿಯನ್ನು ಯಾರೂ ಮಾಡದ್ದರಿಂದ.

"ಹಳ್ಳಿ ಹಳ್ಳಿಯಿಂದ ಬಾಟಲಿ ಒಟ್ಟುಗೂಡಿಸುವುದು ಆಗದ ಮಾತು, ಖರ್ಚು ಹೆಚ್ಚು" ಎಂಬುದು ಎರಡನೆಯ ಉತ್ತರ. ಭಾರತಕ್ಕಿಂತ ಎರಡೂವರೆ ಪಟ್ಟು ದೊಡ್ಡದಾದ ಬ್ರೆಜಿಲ್‌ನಲ್ಲಿ ಇದು ಆಗಿದೆ. ಅಲ್ಲಿ 2000ರಲ್ಲಿ ಕಾನೂನು ಬಂತು, 2002ರಿಂದ ಉದ್ಯಮವೇ ಸ್ಥಾಪಿಸಿದ ಸಂಸ್ಥೆ ಖಾಲಿ ಡಬ್ಬಿಗಳನ್ನು ಮರಳಿ ಪಡೆಯುತ್ತಿದೆ. ಎಲ್ಲಿ ಮರಳಿಸಬೇಕೆಂಬುದನ್ನು ಅಂಗಡಿಯವನು ಬಿಲ್ಲಿನಲ್ಲೇ ಬರೆಯಬೇಕು. ರೈತ ಡಬ್ಬಿಯನ್ನು ಮೂರು ಬಾರಿ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಒಂದು ವರ್ಷದೊಳಗೆ ಒಪ್ಪಿಸಬೇಕು. ಸಾಗಾಟ ಮತ್ತು ಸಂಸ್ಕರಣೆಯ ಹೊಣೆ ತಯಾರಕರದು. ಅಲ್ಲಿ ನೇರವಾಗಿ ವಿಷ ತುಂಬುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಶೇ. 90ಕ್ಕೂ ಹೆಚ್ಚು ಹಿಂದಿರುಗುತ್ತವೆ. ಜೇವರ್ಗಿಯ ಕೊನೆಯ ಹಳ್ಳಿಗೂ ವಿಷವನ್ನು ತಲುಪಿಸಬಲ್ಲ ಜಾಲಕ್ಕೆ ಅಲ್ಲಿಂದ ಖಾಲಿ ಬಾಟಲಿಯನ್ನು ತರಲು ದಾರಿ ಗೊತ್ತಾಗುವುದಿಲ್ಲವೆಂದರೆ ನಂಬುವುದು ಹೇಗೆ?

ಈಗ ನಮ್ಮಲ್ಲಿ ಆ ದಾರಿಯನ್ನು ಅಷ್ಟಿಷ್ಟಾದರೂ ತುಳಿಯುತ್ತಿರುವವರು ಬಡವರು. ನಮ್ಮ ಕಡೆ 'ಭಂಗಾರ' ಎನ್ನುವ, ದಕ್ಷಿಣದವರು 'ಗುಜರಿ' ಎನ್ನುವ ವ್ಯಾಪಾರದ ತಳದಲ್ಲಿರುವ ತಳ್ಳುಗಾಡಿಯವರು, ಚಿಂದಿ ಆಯುವ ಹೆಂಗಸರು, ಮಕ್ಕಳು. ಅವರಲ್ಲಿ ದಲಿತರಿದ್ದಾರೆ, ಅಲೆಮಾರಿಗಳಿದ್ದಾರೆ, ಮುಸ್ಲಿಮರಿದ್ದಾರೆ. ಮುಸ್ಲಿಮರು ಹೆಚ್ಚಾಗಿ ಭದ್ರತೆಯಿಲ್ಲದ ಸ್ವಂತ ದುಡಿಮೆಯಲ್ಲೇ ಉಳಿದಿದ್ದಾರೆಂದು 2006ರ ಸಾಚಾರ್ ಸಮಿತಿಯ ವರದಿ ತೋರಿಸಿಕೊಟ್ಟಿತ್ತು. ಕಂಪೆನಿಯ ವರದಿಯಲ್ಲಿ ಮಿಂಚುವ ಮರುಬಳಕೆಯ ಪ್ಲಾಸ್ಟಿಕ್ ಇಂಥ ಕೈಗಳನ್ನು ದಾಟಿಯೇ ಬರುತ್ತದೆ. ಆ ಕೈಗೆ ಗವಸಿಲ್ಲ, ಗುರುತಿನ ಚೀಟಿಯಿಲ್ಲ. ಊರಿನಲ್ಲಿ ಕಳವಾದರೆ ಮೊದಲ ಅನುಮಾನ ಮಾತ್ರ ಅದರ ಮೇಲೆಯೇ. ಸರಕಾರ 2021ರ ಅಕ್ಟೋಬರಿನಿಂದ ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿಎಸ್‌ಟಿಯನ್ನು ಶೇ. 5ರಿಂದ ಶೇ. 18ಕ್ಕೆ ಏರಿಸಿತ್ತು. ಒಂದು ಕೈಯಲ್ಲಿ ಮರುಬಳಕೆಯ ಉಪದೇಶ, ಇನ್ನೊಂದು ಕೈಯಲ್ಲಿ ಅದರ ಮೇಲೆಯೇ ತೆರಿಗೆಯ ಬರೆ!

ನಮ್ಮವರಿಗೂ ಒಂದು ಮಾತು ಹೇಳಬೇಕಿದೆ. ಭಂಗಾರದ ವ್ಯಾಪಾರ ಹಲಾಲ್ ದುಡಿಮೆ, ಅದರಲ್ಲಿ ನಾಚಿಕೆಪಡಬೇಕಾದ್ದಿಲ್ಲ. ಆದರೆ ವಿಷ ಉಳಿದಿರುವ ಬಾಟಲಿಯನ್ನು ಮಕ್ಕಳ ಕೈಯಿಂದ ಹೆಕ್ಕಿಸುವುದು, ತೊಳೆಯದೆ ಬೇರೆ ಪ್ಲಾಸ್ಟಿಕ್ಕಿನೊಂದಿಗೆ ಬೆರೆಸಿ ಮಾರುವುದು ಹಲಾಲ್ ಹೇಗಾದೀತು? ಪ್ಲಾಸ್ಟಿಕ್ ತನ್ನೊಳಗೆ ತುಂಬಿದ ರಾಸಾಯನಿಕವನ್ನು ಅಷ್ಟಿಷ್ಟು ಹೀರಿಕೊಳ್ಳುತ್ತದೆ. ಬೆರಕೆಯಾಗಿ ಕರಗಿದ ಮೇಲೆ ಅದು ಪೈಪಾಯಿತೋ, ನೀರಿನ ಕೊಡವಾಯಿತೋ, ಮಗುವಿನ ಆಟಿಕೆಯಾಯಿತೋ ಯಾರು ಬಲ್ಲರು? ದಾರಿಯ ಮೇಲಿನ ತೊಂದರೆಯನ್ನು ಸರಿಸುವುದನ್ನೂ ಈಮಾನಿನ ಭಾಗವೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ಸರಿಸುವವನಿಗೆ ಅಷ್ಟು ಗೌರವವಿದ್ದರೆ, ಲಾಭಕ್ಕಾಗಿ ತೊಂದರೆಯನ್ನು ದಾರಿಯಲ್ಲಿಟ್ಟು ಹೋದವನ ಸ್ಥಾನ ಯಾವುದು?

ಮರುಬಳಕೆಯೊಂದೇ ಮದ್ದು ಎಂಬ ಭ್ರಮೆಯೂ ಬೇಡ. ಕರಗಿಸಿದಷ್ಟೂ ಪ್ಲಾಸ್ಟಿಕ್ಕಿನ ಗುಣ ಕುಂದುತ್ತದೆ. ಕಚ್ಚಾತೈಲ ಅಗ್ಗವಾದಾಗ ಹೊಸ ಪ್ಲಾಸ್ಟಿಕ್ಕೇ ಅಗ್ಗವಾಗಿ ಹಳೆಯದನ್ನು ಕೇಳುವವರಿರುವುದಿಲ್ಲ. ಇನ್ನು ಪ್ಲಾಸ್ಟಿಕ್ಕಿನಿಂದ ಎಣ್ಣೆ ತೆಗೆಯುವುದು, ಸಿಮೆಂಟ್ ಕುಲುಮೆಯಲ್ಲಿ ಉರಿಸುವುದು ಮರುಬಳಕೆಯಲ್ಲ, ಅಂತಿಮ ವಿಲೇವಾರಿ ಎಂದು 2022ರ ಮಾರ್ಗಸೂಚಿಯೇ ಹೇಳಿದೆ. ಈ ನಡುವೆ ಹೊಸ ಪ್ಲಾಸ್ಟಿಕ್ಕಿನ ತಯಾರಿಕೆ ಎಡೆಬಿಡದೆ ಸಾಗಿದೆ. ನಮ್ಮ ರಾಜ್ಯದಲ್ಲೇ, ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ 2015ರಲ್ಲಿ ಆರಂಭವಾದ ಪಾಲಿಪ್ರೊಪಿಲೀನ್ ಘಟಕದ ವಾರ್ಷಿಕ ಸಾಮರ್ಥ್ಯ 4.4 ಲಕ್ಷ ಟನ್. ಗೊಬ್ಬರ, ಸಕ್ಕರೆ, ಸಿಮೆಂಟಿನ ಚೀಲ ಹೆಣೆಯುವುದು ಇಂಥ ಪ್ಲಾಸ್ಟಿಕ್ಕಿನಿಂದಲೇ. ಉತ್ಪಾದನೆಗೇ ಮಿತಿ ಹಾಕಬೇಕೆಂಬ ಪ್ರಸ್ತಾಪ ವಿಶ್ವಸಂಸ್ಥೆಯ ಪ್ಲಾಸ್ಟಿಕ್ ಒಪ್ಪಂದದ ಮಾತುಕತೆಯಲ್ಲಿ ಬಂದಾಗ ತೈಲ ದೇಶಗಳು ವಿರೋಧಿಸಿದವು, ಭಾರತವೂ ಒಪ್ಪಲಿಲ್ಲ. 2025ರ ಆಗಸ್ಟಿನಲ್ಲಿ ಜಿನೀವಾದ ಸಭೆ ಒಪ್ಪಂದವಿಲ್ಲದೆ ಮುಗಿಯಿತು. ನಲ್ಲಿ ತೆರೆದಿಟ್ಟು ನೆಲ ಒರೆಸುವ ಕೆಲಸವಿದು.

ನಲ್ಲಿಯನ್ನು ಸ್ವಲ್ಪವಾದರೂ ತಿರುಗಿಸುವ ಉಪಾಯ ನಮ್ಮ ಮೂರು ತಾಲೂಕುಗಳಲ್ಲೇ ಇದೆ. ತೊಗರಿ ಗಿಡವನ್ನು ಅಲುಗಾಡಿಸಿ, ಕಾಯಿಕೊರಕದ ಹುಳುಗಳನ್ನು ಕೆಳಗೆ ಹಿಡಿದ ಬಟ್ಟೆಗೆ ಉದುರಿಸಿ ನಾಶ ಮಾಡುವ ಕ್ರಮ ಈ ಜಿಲ್ಲೆಯ ರೈತರದೇ. ಅದಕ್ಕೆ ಕೂಲಿ ಬೇಕು ನಿಜ. ಆ ಕೂಲಿಗೆ ನೆರವು ಕೊಟ್ಟರೆ ದುಡ್ಡು ಊರಲ್ಲೇ ಉಳಿಯುತ್ತದೆ, ಬಾಟಲಿಯೂ ಹುಟ್ಟುವುದಿಲ್ಲ. ಇನ್ನು ಚೀಲ. 1987ರ ಸೆಣಬು ಪ್ಯಾಕಿಂಗ್ ಕಾಯ್ದೆಯಡಿ ಸಕ್ಕರೆಯ ಶೇ. 20ರಷ್ಟನ್ನು ಗೋಣಿ ಚೀಲದಲ್ಲಿ ತುಂಬಬೇಕೆಂಬ ಆದೇಶವಿದೆ. ಆಳಂದ ತಾಲೂಕಿನ ಭೂಸನೂರು, ಅಫಜಲಪುರ ತಾಲೂಕಿನ ಹಾವಳಗಾ, ಹಿಂದೆ ಜೇವರ್ಗಿಗೆ ಸೇರಿದ್ದ ಮಳ್ಳಿ, ಈ ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಆ ಶೇ. 20 ಅನ್ನು ಏರಿಸಲು ಅಡ್ಡಿ ಏನು?

ನಮ್ಮ ಬೇಡಿಕೆ ಆಕಾಶದ ಚಂದ್ರನಲ್ಲ. ಕ್ರಿಮಿನಾಶಕದ ಪ್ರತಿ ಬಾಟಲಿಗೆ ಠೇವಣಿ ಇರಲಿ, ತೊಳೆದ ಬಾಟಲಿಯನ್ನು ಮಾರಿದ ಅಂಗಡಿಯೇ ಹಿಂದಕ್ಕೆ ಪಡೆದು ಠೇವಣಿ ಮರಳಿಸಲಿ. ಅಲ್ಲಿಂದ ಮುಂದಿನ ಖರ್ಚು ಕಂಪೆನಿಯದಾಗಿರಲಿ. ಒಂದು ತಾಲೂಕಿನಲ್ಲಿ ಎಷ್ಟು ಮಾರಿದರು, ಎಷ್ಟು ಮರಳಿ ಪಡೆದರು ಎಂಬ ಲೆಕ್ಕವನ್ನು ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆಯಲಿ. ಹೊರಗಿನ ಪ್ರಮಾಣಪತ್ರ ಇಲ್ಲಿನ ಬಾಟಲಿಗೆ ಸಲ್ಲದಿರಲಿ. ವಿಷದ ಬಾಟಲಿಯ ಪ್ಲಾಸ್ಟಿಕ್ ಕೊಡ, ತಟ್ಟೆ, ಆಟಿಕೆಗಳಿಗೆ ಹೋಗದಂತೆ ಕಟ್ಟುನಿಟ್ಟಾಗಲಿ. ಭಂಗಾರದವರಿಗೆ ಗುರುತಿನ ಚೀಟಿ, ಗವಸು, ನ್ಯಾಯವಾದ ದರ ಕೊಟ್ಟು ಅವರನ್ನೂ ಈ ವ್ಯವಸ್ಥೆಯಲ್ಲಿ ಸೇರಿಸಿಕೊಳ್ಳಲಿ. ರೈತ ಸಂಘದವರು, ಮಠದವರು, ಮಸೀದಿ ಜಮಾಅತಿನವರು, ಪಂಚಾಯತ್ ಸದಸ್ಯರು ಒಟ್ಟಾಗಿ ಕೇಳಬಹುದಾದ ಬೇಡಿಕೆಗಳಿವು. ಭೀಮೆಯ ನೀರಿಗೆ ಜಾತಿ, ಮತವಿಲ್ಲ, ಅದರಲ್ಲಿ ಬೆರೆಯುವ ವಿಷಕ್ಕೂ ಇಲ್ಲ.

ಬಾಟಲಿಯ ಮೇಲೆ ತಯಾರಕನ ಹೆಸರು, ವಿಳಾಸ ಅಚ್ಚಾಗಿದೆ. ಲಾಭ ಆ ವಿಳಾಸಕ್ಕೆ ತಪ್ಪದೆ ತಲುಪುತ್ತಿದೆ. ಖಾಲಿ ಬಾಟಲಿಯೂ ಅಲ್ಲಿಗೇ ತಲುಪಲಿ.